ಜವರ ತಂದ ಹುಂಜ

ಮುದ್ದಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಅವಳಿಗೆ ನನಗಿಂತ ಒಳ್ಳೆಯ ಸೀರೆ ಇತ್ತೆಂದಲ್ಲ, ಮೈಬಣ್ಣ ಇತ್ತೆಂದೂ ಅಲ್ಲ. ಅವಳ ಹಿತ್ತಲಲ್ಲಿ ಕೋಳಿಗಳಿದ್ದವು. ಬೆಳಿಗ್ಗೆ ನಾನು ಬಂಗಲೆಯ ದಾರಿ ಹಿಡಿಯುವಾಗ ಅವಳು ಬಾಗಿಲಲ್ಲಿ ಕೂತು ಕೋಳಿಗಳಿಗೆ ನುಚ್ಚು ಎರಚುತ್ತ, "ಹೋಗ್ ಬಾರೇ ದೊಡ್ಡಿ" ಎನ್ನುತ್ತಿದ್ದಳು. ಅವಳ ಕೈಯಲ್ಲಿದ್ದ ನುಚ್ಚನ್ನು ಕಿತ್ತುಕೊಂಡು ಅವಳ ತಲೆಗೇ ಸುರಿಯಬೇಕು ಅನ್ನಿಸುತ್ತಿತ್ತು.

ಹಿಂದೆ ಆ ದಾರಿ ಹಿಡಿಯುತ್ತಿದ್ದವಳು ಅವಳೇ. ನಮ್ಮದು ಮಾದಾಪುರದ ಆಚೆಯ ಎಸ್ಟೇಟು, ಬಿಳಿ ದೊರೆಯದು. ಗುಡ್ಡದ ಕೆಳಗೆ ಕೂಲಿಯಾಳುಗಳ ಸಾಲುಮನೆ, ನಮ್ಮ ಲೈನು; ಮೇಲೆ ಬಂಗಲೆ. ಬಂಗಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು, ಮಸಾಲೆ ಅರೆಯಲು ಲೈನಿನ ಒಬ್ಬ ಹೆಂಗಸನ್ನು ಆಳುಗಳ ಲೆಕ್ಕ ಬರೆಯುವ ರೈಟರು ಕಳಿಸುತ್ತಿದ್ದರು. ಮುದ್ದಿ ಅಲ್ಲಿದ್ದಳು. ಆಮೇಲೆ ಅವಳು ಕೋಳಿ ಸಾಕಿ, ಒಂದು ದಿನ ಬುಟ್ಟಿ ತುಂಬ ಮೊಟ್ಟೆ ಹಿಡಿದು ದೊರೆಸಾನಿಯ ಮುಂದೆ ನಿಂತಳು. ಸುಂಟಿಕೊಪ್ಪದ ಅಂಗಡಿಯಿಂದ ಬರುತ್ತಿದ್ದ ಮೊಟ್ಟೆ ಒಡೆದರೆ ಅರ್ಧಕ್ಕರ್ಧ ನಾತ. ತಾಜಾ ಮೊಟ್ಟೆ ಕಂಡು ದೊರೆಸಾನಿಯ ಮುಖ ಅರಳಿತಂತೆ. "ನೀನು ಇದನ್ನೇ ನೋಡಿಕೋ, ಅಡುಗೆಮನೆ ಕೆಲಸ ಬೇಡ" ಅಂದುಬಿಟ್ಟಳಂತೆ. ಮುದ್ದಿ ಬಿಟ್ಟ ಜಾಗಕ್ಕೆ ರೈಟರು ನನ್ನ ಹೆಸರು ಕೂಗಿದರು. ಒಲ್ಲೆ ಅನ್ನುವ ಹಾಗಿಲ್ಲ. ಅಂದರೆ ಲೈನಿನ ಮನೆ ಖಾಲಿ ಮಾಡಬೇಕು.

ಆ ಅಡುಗೆಮನೆಯನ್ನು ಆಳುತ್ತಿದ್ದವನು ಬಟ್ಲರ್ ಕುಟ್ಟಪ್ಪ. ಬಿಳಿ ಕೋಟು, ಹಿತ್ತಾಳೆ ಗುಂಡಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ದೊರೆಸಾನಿಯ ಮುಂದೆ ಕಣ್ಣೆತ್ತದವನು, ಅವಳು ಒಳಗೆ ಹೋದಳೋ ಇಲ್ಲವೋ, ನಾನು ಅರೆಯುತ್ತಿದ್ದ ಕಲ್ಲಿನ ಹಿಂದೆ ಬಂದು ನಿಲ್ಲುತ್ತಿದ್ದ. "ಎಂತ ದೊಡ್ಡಿ, ಕೈ ನೋಯ್ತದಾ?" ಎಂದು ಕೈ ಹಿಡಿಯುತ್ತಿದ್ದ. ಸಾಮಾನಿನ ಕೋಣೆಯಿಂದ ಏನಾದರೂ ತರಲು ಕಳಿಸಿ, ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಒಂದು ದಿನ ನಾನು ರುಬ್ಬುಗುಂಡು ಎತ್ತಿದೆ. ಅವನು ನಕ್ಕ. "ದೊರೆಸಾನಿಗೆ ಹೇಳ್ತೀಯಾ? ಹೇಳು. ಬೆಳ್ಳಿ ಚಮಚ ಕಾಣ್ತಾ ಇಲ್ಲ ಅಂತ ನಾನೂ ಹೇಳ್ತೇನೆ" ಎಂದ. ಥೂ, ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮುದ್ದಿಗೆ ಇದೆಲ್ಲ ಗೊತ್ತಿತ್ತು. ನೀರಿನ ತೊಟ್ಟಿಯ ಹತ್ತಿರ ನನ್ನ ಮುಖ ನೋಡಿದವಳೇ, "ಅವ್ನ ಕೈ ಸುಮ್ನಿರಾಕಿಲ್ಲ ಕಣೆ. ನಾನು ಕೋಳಿ ಸಾಕಿ ಪಾರಾದೆ, ನೀನೂ ಸಾಕು. ಬಂಗಲೇಲಿ ನೆಂಟ್ರು ಜಾಸ್ತಿ, ನನ್ನ ಮೊಟ್ಟೆ ಸಾಕಾಗಾಕಿಲ್ಲ" ಎಂದಳು. ಹೇಳುವುದು ಎಷ್ಟು ಸಲೀಸು! ಅವಳ ಗಂಡನ ಹೆಸರು ಚಿಕ್ಕ, ಹೆಂಡತಿ ಏನು ಮಾಡಿದರೂ 'ಹ್ಞೂಂ' ಅನ್ನುವವನು. ನನ್ನ ಗಂಡ ಜವರ. ಅದಕ್ಕೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ.

ಜವರ ಕೆಟ್ಟವನಲ್ಲ. ಕುಡಿದು ಬಂದು ಹೊಡೆಯುವವನಲ್ಲ. ಆದರೆ ನನ್ನನ್ನು ಯಾರಾದರೂ ನೋಡಿದರೆ ಸಾಕು, ಅವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಸೋಮವಾರಪೇಟೆಯ ಸಂತೆಗೆ ಹೋಗಿದ್ದೆವು. ಬಳೆಗಾರ ಬಳೆ ತೊಡಿಸಬೇಕಾದರೆ ಕೈ ಹಿಡಿಯದೆ ಕಾಲು ಹಿಡಿಯುತ್ತಾನೆಯೇ? ಮುದುಕ, ಹಲ್ಲಿಲ್ಲದವನು. ಜವರ ಅವನ ಬಳೆಯ ಮಲಾರವನ್ನೇ ಎತ್ತಿ ರಸ್ತೆಗೆ ಎಸೆದ. ಸಂತೆಯೆಲ್ಲ ಸುತ್ತ ಸೇರಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಅಂಥವನಿಗೆ ಕುಟ್ಟಪ್ಪನ ವಿಷಯ ಹೇಳಿದರೆ? ಬಾಗಿಲ ಮೇಲೆ ಸಿಕ್ಕಿಸಿದ ಕತ್ತಿ ಎಳೆದುಕೊಂಡು ಗುಡ್ಡ ಹತ್ತುತ್ತಾನೆ. ಮಾರನೆಯ ದಿನ ಅವನು ಮಡಿಕೇರಿ ಜೈಲಿನಲ್ಲಿ, ನಾನು ಬೀದಿಯಲ್ಲಿ. ಹೇಳುವ ಹಾಗಿಲ್ಲ. ಹೇಳದೆಯೇ ಅವನಿಂದ ಕೋಳಿ ಸಾಕಿಸಬೇಕು. ಲೈನಿನ ಕೊನೆಯ ಹಲಸಿನ ಮರದ ಬುಡದಲ್ಲಿ ನಮ್ಮ ಚೌಡಿಯ ಕಲ್ಲಿತ್ತು. ಅದರ ಮುಂದೆ ನಿಂತು, "ತಾಯಿ, ಆ ಅಡುಗೆಮನೆ ಬಿಡಿಸು. ಕೊಂಡು ತಂದದ್ದಲ್ಲ, ನನ್ನ ಅಂಗಳದಲ್ಲೇ ಬೆಳೆದ ಹುಂಜ ಕೊಡುತ್ತೇನೆ" ಎಂದು ಹರಕೆ ಹೊತ್ತೆ.

ಮೊದಲು ಹೊಟ್ಟೆಯ ದಾರಿ ಹಿಡಿದೆ. ಮುದ್ದಿಯಿಂದ ಮೊಟ್ಟೆ ಇಸಕೊಂಡು, ಮೆಣಸು ಹಾಕಿ ಗಟ್ಟಿ ಸಾರು ಮಾಡಿದೆ. ಅವನು ತಟ್ಟೆ ನೆಕ್ಕುವುದೊಂದು ಬಾಕಿ.

"ನಮ್ಮನೇಲೂ ನಾಲ್ಕು ಹೆಂಟೆ ಇದ್ದಿದ್ರೆ ದಿನಾ ಹಿಂಗೇ ಉಣ್ಬೋದಿತ್ತು" ಎಂದೆ.

ಕೈ ಅಲ್ಲೇ ನಿಂತಿತು. "ಈ ಮೊಟ್ಟೆ ಎಲ್ಲಿತ್ತು?"

"ಮುದ್ದಿ ಕೊಟ್ಲು."

"ಮುದ್ದಿ ಕೊಟ್ಲೋ, ಆ ಬಟ್ಲರ್ ಕೊಟ್ನೋ?"

ಗೊತ್ತಾಗಿಬಿಟ್ಟಿತೇ ಅಂದುಕೊಂಡೆ. ಆದರೆ ಅವನು ಹೇಳುತ್ತಿದ್ದುದು ಬೇರೆ. ಪ್ರತಿ ಶನಿವಾರ ಕುಟ್ಟಪ್ಪ ಬಕೆಟ್ಟು ಹಿಡಿದು ಲೈನಿಗೆ ಇಳಿಯುತ್ತಿದ್ದ. ಮುದ್ದಿಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಮೊಟ್ಟೆಯನ್ನು ನೀರಿಗೆ ಬಿಟ್ಟು, ತೇಲಿದ್ದು ಹಳೆಯದೆಂದು ತೆಗೆದಿಟ್ಟು, ಮುಳುಗಿದ್ದನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ಮುದ್ದಿ ಎದುರಿಗೆ ಕೂತು ಮೊಟ್ಟೆ ಎತ್ತಿ ಕೊಡಬೇಕು. ನನ್ನ ಗಂಡ ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡಿದ್ದ.

"ಒಂದ್ ಮೊಟ್ಟೆಗೆ ಅಷ್ಟ್ ಹೊತ್ತು! ಕೈಗೆ ಕೈ ತಾಗಿಸ್ಕೊಂಡು! ಆ ಚಿಕ್ಕಂಗೆ ಮಾನ ಇಲ್ಲ, ನಂಗೈತೆ. ಕೋಳಿ ಬಂದ್ರೆ ಹಿಂದೇನೆ ಬಟ್ಲರೂ ಬತ್ತಾನೆ. ನನ್ ಅಂಗಳಕ್ಕೆ ಕೋಳಿ ಬ್ಯಾಡ, ಅಷ್ಟೇಯ."

"ಬಂಗಲೇಲಿ ದಿನಾ ಅವ್ನ ಜೊತೆಗೇ ಕೆಲಸ ಮಾಡ್ತೀನಲ್ಲ ಮಾರಾಯ?"

"ಅಲ್ಲಿ ದೊರೆಸಾನಿ ಕಣ್ಣೈತೆ. ಅಲ್ಲಿ ಅವ್ನು ಬಾಲ ಬಿಚ್ತಾನಾ?" ಎಂದು ಕೈ ತೊಳೆಯಲು ಎದ್ದ.

ಅಯ್ಯೋ ದೇವರೇ! ಹತ್ತು ಮನೆಯ ಕಣ್ಣೆದುರು ಬಕೆಟ್ಟಿಗೆ ಮೊಟ್ಟೆ ಬಿಡುವ ಕುಟ್ಟಪ್ಪನನ್ನು ಕಂಡರೆ ಇವನಿಗೆ ಕಿಚ್ಚು. ಯಾರ ಕಣ್ಣೂ ಇಲ್ಲದ ಸಾಮಾನಿನ ಕೋಣೆಗೆ ನನ್ನನ್ನು ನಿಶ್ಚಿಂತೆಯಿಂದ ಕಳಿಸುತ್ತಾನೆ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅವನ ತಲೆಯನ್ನೇ ಚಚ್ಚಿದರೂ ಪಾಪವಿಲ್ಲ ಅನ್ನಿಸಿತು.

ಆಮೇಲೆ ಅವನ ಕಿಚ್ಚಿಗೇ ಗಾಳಿ ಹಾಕಿದೆ. ಚೌಡಿಯ ಪೂಜೆ ಹತ್ತಿರ ಬಂದಿತ್ತು. ಆ ದಿನ ಲೈನಿನ ಗಂಡಸರು ಹುಂಜ ಕಂಕುಳಲ್ಲಿಟ್ಟುಕೊಂಡು ಹಲಸಿನ ಮರಕ್ಕೆ ಹೋಗುವುದು ವಾಡಿಕೆ. ಜವರ ಪ್ರತಿ ವರ್ಷ ಯಾರದೋ ಮನೆಯ ಹುಂಜ ಕೊಂಡು ಒಯ್ಯುತ್ತಿದ್ದ.

"ಚಿಕ್ಕ ಈ ಸಲ ಮನೇಲೇ ಸಾಕಿದ ಹುಂಜ ಕೊಡ್ತಾನಂತೆ" ಎಂದೆ. "ತೊಟ್ಟಿ ಹತ್ರ ಹೆಂಗಸ್ರೆಲ್ಲ ಅದನ್ನೇ ಹೊಗಳ್ತಿದ್ರು."

"ಹೊಗಳ್ಲಿ."

"ನಾನೂ ಹೊಗಳ್ದೆ. ಎಷ್ಟ್ ಚೆಂದ ಸಾಕವ್ನೆ! ಗಂಡಸು ಅಂದ್ರೆ ಹಂಗಿರ್ಬೇಕು ಅಂದೆ."

ನಾನು ಚಿಕ್ಕನನ್ನು ಗಂಡಸು ಅಂದದ್ದೇ ಸಾಕಾಯಿತು. ಭಾನುವಾರ ಬೆಳಿಗ್ಗೆ ಜವರ ಎದ್ದು ಸೋಮವಾರಪೇಟೆಯ ಬಸ್ಸು ಹಿಡಿದ. ನನಗೆ ಹಿಗ್ಗೋ ಹಿಗ್ಗು. ಬಿದಿರಿನ ದಬ್ಬೆ ಸೀಳಿ ಗೂಡಿಗೆ ಅಣಿ ಮಾಡಿದೆ. ಹಳೆಯ ಮೊರ ತುಂಬ ಹೊಟ್ಟು ತುಂಬಿಸಿಟ್ಟೆ. ಸಂಜೆ ಅವನು ಬಂದು ಚೀಲದ ಬಾಯಿ ಬಿಚ್ಚಿದ. ಒಳಗಿದ್ದದ್ದು ಒಂದು ಹುಂಜದ ಮರಿ. ಕೆಂಪಗೆ, ಕಡ್ಡಿಕಾಲು, ಜುಟ್ಟು ಇನ್ನೂ ಸರಿಯಾಗಿ ಮೂಡಿಲ್ಲ.

"ಹೆಂಟೆ ಎಲ್ಲಿ?"

"ಹೆಂಟೆ ಯಾಕೆ? ಕೋಳಿ ಬೇಕು ಅಂದೆ, ಕೋಳಿ ತಂದೆ. ಇದು ಮೊಟ್ಟೆ ಇಡಾಕಿಲ್ಲ. ಮೊಟ್ಟೆ ಇಲ್ದಿದ್ರೆ ಬಟ್ಲರೂ ಇಲ್ಲ." ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಮೀಸೆಯ ಮೇಲೆ ಕೈ ಆಡಿಸಿದ.

ಹೊಟ್ಟಿನ ಮೊರವನ್ನು ಅಂಗಳದ ತುಂಬ ಎರಚಿಬಿಟ್ಟೆ. ಆ ಕಡ್ಡಿಕಾಲಿನ ಮರಿ ಏನೂ ಗೊತ್ತಿಲ್ಲದೆ ಅದನ್ನು ಕುಟುಕುತ್ತ ಓಡಾಡಿತು. ಆ ವರ್ಷದ ಚೌಡಿ ಪೂಜೆಗೆ ಜವರ ಮತ್ತೆ ಕೊಂಡ ಹುಂಜವನ್ನೇ ಒಯ್ದ. ನಾನು ಮತ್ತೆ ಬಂಗಲೆಯ ಗುಡ್ಡ ಹತ್ತಿದೆ.

ಆದರೆ ಮರಿಯನ್ನು ತಂದವನೇ ಅದಕ್ಕೆ ಮರುಳಾದ. ಕೆಂಚ ಎಂದು ಹೆಸರಿಟ್ಟ. ಇಂಗ್ಲೆಂಡಿನ ರಾಜನ ಜುಬಿಲಿಗೆ ದೊರೆ ಹಂಚಿದ್ದ ತಗಡಿನ ಲೋಟ ಒಂದಿತ್ತು. ನನಗೆ ಕಾಫಿ ಕುಡಿಯಲೂ ಕೊಡದೆ ಕಟ್ಟಿಟ್ಟಿದ್ದವನು, ಅದರಲ್ಲಿ ಕೆಂಚನಿಗೆ ನೀರಿಟ್ಟ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಅವನಿಗೆ ಕೆಲಸ. ಸಂಜೆ ಬರುವಾಗ ತೊರೆಯ ದಂಡೆಯಿಂದ ಎರೆಹುಳ ಅಗೆದು ಎಲೆಯಲ್ಲಿ ಕಟ್ಟಿ ತರುತ್ತಿದ್ದ. ನನಗೆ ಒಂದು ದಿನ ಒಂದು ಮೊಳ ಹೂ ತಂದವನಲ್ಲ. ಕೆಂಚ ಅವನ ತೊಡೆಯ ಮೇಲೆ ಹತ್ತಿ ಕೂರುತ್ತಿದ್ದ. ಹೂಂ, ಕೋಳಿಯ ಮೇಲೂ ಹೊಟ್ಟೆಕಿಚ್ಚು ಪಟ್ಟೆ ನಾನು, ಏನು ಮಾಡಲಿ?

ಮಳೆ ಕಳೆಯುವ ಹೊತ್ತಿಗೆ ಕೆಂಚ ಎದೆ ಅಗಲಿಸಿ, ಬಾಲ ಬಿಚ್ಚಿ, ಇಡೀ ಲೈನಿಗೆ ಕೇಳುವ ಹಾಗೆ ಕೂಗತೊಡಗಿದ. ಕೂಗಿ ಸುಮ್ಮನಿದ್ದನೇ? ಬೇಲಿ ಹಾರಿ ಮುದ್ದಿಯ ಹಿತ್ತಲಿಗೆ ಹೋಗತೊಡಗಿದ. ಅವಳ ಹುಂಜ ಹಿಂದೆಯೇ ಚೌಡಿಯ ಪಾಲಾಗಿತ್ತು. ಅಲ್ಲಿದ್ದ ಹೆಂಟೆಗಳಿಗೆಲ್ಲ ಕೆಂಚನೇ ಯಜಮಾನ. ಬೆಳಿಗ್ಗೆ ಹೋದವನು ಬರುವುದು ಸಂಜೆ.

ಜವರನಿಗೆ ತಡೆಯಲಾಗಲಿಲ್ಲ. "ಅನ್ನ ನಂದು, ಎರೆಹುಳ ನಂದು, ಹಗಲೆಲ್ಲ ಆ ಚಿಕ್ಕನ ಹಿತ್ಲಲ್ಲಿ ಏನ್ ಕೆಲ್ಸ ಇವಂಗೆ?"

"ಹೋಗಿ ಕೇಳು" ಎಂದೆ.

ಆಮೇಲೆ ಮುದ್ದಿಯ ಹೆಂಟೆ ಮರಿ ಮಾಡಿತು. ಮರಿಗಳು ಬಲಿತ ಹಾಗೆ ಅರ್ಧಕ್ಕರ್ಧ ಕೆಂಪು, ಕೆಂಚನದೇ ಬಣ್ಣ. ಚಿಕ್ಕ ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ದಾರಿಯಲ್ಲಿ ಹೋಗುವವರಿಗೆಲ್ಲ, "ನೋಡ್ರಪ್ಪ, ನಮ್ಮನೆ ಮರಿಗಳು!" ಎಂದು ತೋರಿಸಿದ. ಜವರ ಅದನ್ನು ಕೇಳಿ ಮನೆಗೆ ಬಂದವನು ಊಟ ಮಾಡಲಿಲ್ಲ. ಕೆಂಚನ ಕಾಲಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ. ಕೆಂಚ ದಿನವಿಡೀ ಅರಚಿದ. ಮಾರನೆಯ ದಿನವೂ ಅರಚಿದ. ಕಾಳು ಮುಟ್ಟಲಿಲ್ಲ. ಜವರ ಅದರ ಮುಂದೆ ಕೂತು, "ತಿನ್ನೋ, ತಿನ್ನೋ" ಎಂದು ಬೇಡಿಕೊಂಡ.

ಇದೇ ಹೊತ್ತು ಅಂದುಕೊಂಡೆ. ಪಕ್ಕದಲ್ಲಿ ಹೋಗಿ ಕೂತೆ.

"ಕಟ್ಟಾಕಿದ್ರೆ ಯಾರ ಮನಸು ನಿಲ್ತದೆ ಹೇಳು. ಅದಕ್ಕೂ ಒಂದು ಮನೆ ಅಂತ ಬ್ಯಾಡ್ವಾ? ಎರಡು ಹೆಂಟೆ ತಂದ್ ಬಿಡು, ಬೇಲಿ ದಾಟಿದ್ರೆ ಕೇಳು. ಮರಿಗಳೂ ನಿನ್ನ ಅಂಗಳದಲ್ಲೇ ಆಯ್ತವೆ. ಆಗ ಚಿಕ್ಕ ಅದೇನು ತೋರಿಸ್ತಾನೋ ನೋಡೋಣ."

ಅವನು ಹುಂಜವನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನು ನೋಡಿದ. "ಮೊಟ್ಟೆ?"

"ಮೊಟ್ಟೆ ಇಡ್ತವೆ. ಹೆಂಟೆ ಅಂದ್ಮೇಲೆ ಇಡ್ದೆ ಇರ್ತವಾ?"

"ಬಟ್ಲರ್ ನನ್ ಅಂಗಳ ಮೆಟ್ಟಕೂಡ್ದು. ಮೊಟ್ಟೇನ ನಾನೇ ಹೊತ್ಕೊಂಡ್ ಹೋಗಿ ಬಂಗಲೆಗೆ ಕೊಡ್ತೀನಿ. ನೀನು ಆ ಕಡೆ ತಲೆ ಹಾಕ್ಬ್ಯಾಡ."

"ಹೂಂ" ಎಂದೆ. ಬೇರೆ ಏನಾದರೂ ಹೇಳಿದ್ದರೆ ನನ್ನ ಹಿಗ್ಗು ಬಯಲಾಗಿಬಿಡುತ್ತಿತ್ತು.

ಸಂತೆಯಿಂದ ಮೊಟ್ಟೆಯಿಡುವ ವಯಸ್ಸಿನ ಹೆಂಟೆಗಳೇ ಬಂದವು. ಮೊದಲ ಬುಟ್ಟಿ ತುಂಬಿದ ದಿನ, ಕೆಲಸಕ್ಕೆ ಹೋಗುವಾಗ ನಾಲ್ಕು ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ದೊರೆಸಾನಿಯ ಮುಂದೆ ನಿಂತು, ಇನ್ನು ಮೇಲೆ ನಾನೂ ಮುದ್ದಿಯ ಹಾಗೆ ಮೊಟ್ಟೆ ಕೊಡುತ್ತೇನೆ, ನನ್ನನ್ನು ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಬಿಡಿ ಎಂದು ಕೈಮುಗಿದೆ. ಅವಳು ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಆಗಲಿ ಎಂದಳು. ಹಿಂದೆ ನಿಂತಿದ್ದ ಕುಟ್ಟಪ್ಪನ ಮುಖ ಹುಳ್ಳಗಾಯಿತು. ನಾನು ಗುಡ್ಡ ಇಳಿಯಲಿಲ್ಲ, ಓಡಿದೆ.

ಈಗ ಹರಕೆ ತೀರಿಸಬೇಕು. ಅಂಗಳದಲ್ಲಿ ಬೆಳೆದ ಹುಂಜ ಅಂದರೆ ಕೆಂಚನೇ. ಜವರನಿಗೆ ಹೇಳಿದ್ದೇ ತಡ, ಎದ್ದು ನಿಂತ.

"ಯಾವ ಹರಕೆ? ನಂಗೆ ಗೊತ್ತಿಲ್ದಂಗೆ ಚೌಡಿ ಹತ್ರ ಏನ್ ಕೇಳ್ಕೊಂಡೆ? ಯಾರ್ ಸಲುವಾಗಿ?"

"ದೇವ್ರ ಹತ್ರ ಹೇಳಿದ್ದನ್ನ ಹೇಳ್ಬಾರ್ದು."

"ಹೇಳ್ಬಾರ್ದಂಥದ್ದು ಏನೈತೆ ನಿಂಗೆ? ಕೆಂಚನ್ನ ಕೊಡಾಕಿಲ್ಲ. ಹೋಗು."

ಚೌಡಿಯ ಮೇಲೂ ಅನುಮಾನ ಈ ಮನುಷ್ಯನಿಗೆ! ಹರಕೆ ಹಾಗೇ ಉಳಿಯಿತು. ಹಲಸಿನ ಮರದ ಹತ್ತಿರ ಹೋಗಲೂ ನನಗೆ ಹೆದರಿಕೆಯಾಗುತ್ತಿತ್ತು. ಬಿಡಿಸಿದವಳು ಮತ್ತೆ ಅಲ್ಲಿಗೇ ನೂಕಿದರೆ ಎಂಬ ಭಯ.

ಶನಿವಾರ ಜವರ ತಲೆಗೆ ವಸ್ತ್ರ ಸುತ್ತಿ, ಮೊಟ್ಟೆಯ ಬುಟ್ಟಿ ಹಿಡಿದು ಮೊದಲ ಸಲ ಬಂಗಲೆಗೆ ಹೋದ. ನಾನು ನೀರು ಹೊತ್ತು ತಂದು ಇಳಿಸುತ್ತಿದ್ದೆ. ಕಾಫಿ ಗಿಡಗಳ ನಡುವಿನಿಂದ ಮುದ್ದಿ ಏದುಸಿರು ಬಿಡುತ್ತ ಓಡಿ ಬಂದಳು. ಅವಳೂ ಬಂಗಲೆಗೆ ಏನೋ ಕೆಲಸಕ್ಕೆ ಹೋಗಿ ಎಲ್ಲ ಕೇಳಿಸಿಕೊಂಡಿದ್ದಳು.

"ದೊಡ್ಡೀ, ನಿನ್ ಗಂಡಂಗೆ ಗೊತ್ತಾಯ್ತು ಕಣೆ!"

ಕುಟ್ಟಪ್ಪನಿಗೆ ಜವರ ಯಾರೆಂದು ಗೊತ್ತಿರಲಿಲ್ಲ. ಶನಿವಾರ ಶನಿವಾರ ಲೈನಿಗೆ ಬಂದರೂ ಅವನ ಕಣ್ಣು ಗಂಡಸರ ಮೇಲೆ ನಿಲ್ಲುತ್ತಿರಲಿಲ್ಲ. ಲೈನಿನ ಯಾವನೋ ಆಳು ಅಂದುಕೊಂಡು ಬುಟ್ಟಿ ಇಸಕೊಂಡು, "ಇದು ದೊಡ್ಡಿಯ ಮೊಟ್ಟೆಯಾ? ಅವಳೆಂತಕ್ಕೆ ಬರಲಿಲ್ಲ? ಅವಳೇ ತರಬೇಕು ಅಂತ ಹೇಳು. ಸಾಮಾನಿನ ಕೋಣೆಯಲ್ಲಿ ಹಿಡಿದ ಕೈ ಕೊಡವಿಕೊಂಡು ಓಡಿದವಳು, ಕೋಳಿ ಸಾಕಿದರೆ ನಾನು ಬಿಡ್ತೇನಾ ಅಂತ ಹೇಳು" ಎಂದು ನಕ್ಕನಂತೆ.

"ಜವರ ಏನಂದ?"

"ಏನೂ ಅನ್ಲಿಲ್ಲ ಕಣೆ. ಬುಟ್ಟೀನ ಅವ್ನ ಕೈಯಿಂದ ತಿರುಗಿ ಇಸ್ಕೊಂಡ. ಸುತ್ತು ಹಾಕ್ಕೊಂಡು ಮುಂದಿನ ಜಗಲಿಗೆ ಹೋಗಿ ದೊರೆಸಾನಿ ಕೈಗೇ ಕೊಟ್ಟ. ಆ ಮುಖ ನೋಡಿ ನಂಗೆ ಜೀವ ಬಾಯಿಗೆ ಬಂತು. ಬತ್ತಾವ್ನೆ, ಕತ್ತಿ ಬಚ್ಚಿಡೇ!"

ಬಾಗಿಲ ಮೇಲಿನ ಕತ್ತಿ ಎಳೆದು ಸೌದೆಯ ರಾಶಿಯೊಳಗೆ ತುರುಕಿದೆ. ಅಷ್ಟರಲ್ಲಿ ಜವರ ಬಂದ. ಓಡಿ ಬಂದಿರಲಿಲ್ಲ, ನಡೆದೇ ಬಂದಿದ್ದ. ಮುದ್ದಿ ಮೆಲ್ಲನೆ ಜಾರಿಕೊಂಡಳು. ಅವನು ಬಾಗಿಲ ಮೇಲೆ ಕೈ ಹಾಕಿದ, ಬರಿಗೈ ಇಳಿಸಿದ.

"ಕತ್ತಿ ಎಲ್ಲಿ?"

"ಕೊಡಾಕಿಲ್ಲ." ಬಾಗಿಲಿಗೆ ಅಡ್ಡ ನಿಂತೆ. "ಮೊದ್ಲು ನನ್ನ ಕಡಿ, ಆಮೇಲೆ ಎಲ್ಲಿಗಾದ್ರೂ ಹೋಗು. ನೀನು ಜೈಲಿಗೆ ಹೋದ್ಮೇಲೆ ನಾನಿದ್ದು ಏನ್ ಮಾಡ್ಲಿ?"

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

"ಹರಕೆ ಅಂದ್ಯಲ್ಲ. ಆ ಅಡುಗೆಮನೆ ಬಿಡ್ಸು ಅಂತಲಾ?"

"ಹೂಂ."

"ಚೌಡಿಗೆ ಹೇಳ್ದೆ. ಮುದ್ದಿಗೂ ಗೊತ್ತಿತ್ತು. ನಂಗೆ ಹೇಳ್ಲಿಲ್ಲ."

ಅಲ್ಲಿಯೂ ಅದೇ ಕಿಚ್ಚು! ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಚೌಡಿ ಬಳೆಗಾರನ ಮಲಾರ ಎತ್ತಿ ಎಸೆಯಾಕಿಲ್ಲ. ಚೌಡಿ ಉಣ್ಣೋ ತಟ್ಟೇಲಿ ಮೊಟ್ಟೆ ಕೊಟ್ಟೋರು ಯಾರು ಅಂತ ಕೇಳಾಕಿಲ್ಲ. ನಿಂಗೆ ಹೆಂಗ್ ಹೇಳ್ಲಿ? ಹೇಳ್ದೆ ಪಾರಾಗೋಕೆ ಒಂದ್ ಕೋಳಿ ಕೇಳಿದ್ರೆ, ನೀನು ಹುಂಜ ತಂದ್ಯಲ್ಲೋ!"

ಅತ್ತುಬಿಟ್ಟೆ. ಅಂಗಳದಲ್ಲಿ ಕೆಂಚ ಹೆಂಟೆಗಳ ನಡುವೆ ಮಣ್ಣು ಕೆದಕುತ್ತಿದ್ದ. ಜವರ ಅದನ್ನು ನೋಡುತ್ತ ಕೂತ. ಆಮೇಲೆ ಎದ್ದು ಅಂಗಳಕ್ಕಿಳಿದು, "ಬೋ ಬೋ ಬೋ" ಎಂದು ಕರೆದ. ಎರೆಹುಳ ತಂದಿದ್ದಾನೆ ಅಂದುಕೊಂಡಿರಬೇಕು, ಕೆಂಚ ರೆಕ್ಕೆ ಬಡಿಯುತ್ತ ಓಡಿ ಬಂದ. ಜವರ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಕತ್ತಿ ತಾ" ಎಂದ. "ಬಾ, ಹೋಗಣ. ಹರಕೆ ಉಳಿಸ್ಕೋಬಾರ್ದು."

ಸೌದೆಯ ರಾಶಿಯಿಂದ ಕತ್ತಿ ತೆಗೆದು ಕೊಟ್ಟೆ. ಹಲಸಿನ ಮರದವರೆಗೆ ಅವನು ಮುಂದೆ, ನಾನು ಹಿಂದೆ. ದಾರಿಯಲ್ಲಿ ಚಿಕ್ಕ, "ನಾನ್ ಹಿಡ್ಕೊಳ್ಳಾ?" ಎಂದು ಕೇಳಿದ. ಜವರ ಬೇಡ ಎಂದ. ಕೆಂಚನ ತಲೆಗೆ ನೀರು ಹಾಕುವಾಗ ಅದರ ಜುಟ್ಟನ್ನು ಒಮ್ಮೆ ಸವರಿದ. ಆಮೇಲೆ ತಾನೇ ಕಡಿದ.

ಸಂಜೆ ಸಾರು ಮಾಡಿದೆ. ಒಳ್ಳೆಯ ತುಂಡುಗಳನ್ನೆಲ್ಲ ಆರಿಸಿ ನನ್ನ ತಟ್ಟೆಗೆ ಹಾಕಿದ. ಅವನು ಬರೀ ಗಂಜಿ ಕುಡಿದ. ಒಲೆಯ ಬೆಳಕಿನಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದ.

"ದೊಡ್ಡಿ, ಒಂದ್ ಕೇಳ್ಲಾ?"

ಅವನು ಏನು ಕೇಳುತ್ತಾನೆಂದು ನನಗೆ ಗೊತ್ತಿತ್ತು. ಎಷ್ಟು ಸಲ ಕೈ ಹಿಡಿದ, ನಾನು ನಕ್ಕೆನೇ, ಏನಾದರೂ ಇಸಕೊಂಡೆನೇ. ಬಳೆಗಾರನ ದಿನದಿಂದ ಇಂಥವನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ತಟ್ಟೆ ಕೆಳಗಿಟ್ಟು ಅವನ ಮುಖವನ್ನೇ ನೇರವಾಗಿ ನೋಡಿದೆ.

"ಕೇಳು."

ಹೊರಗೆ ಗೂಡಿನಲ್ಲಿ ಹೆಂಟೆಗಳು ಕೊಕ್ ಎಂದವು. ಅವನು ಆ ಕಡೆ ತಿರುಗಿದ.

"ಏನಿಲ್ಲ. ಅವಕ್ಕೆ ನುಚ್ಚು ಹಾಕಿದ್ಯಾ?"

"ಹಾಕಿವ್ನಿ" ಎಂದೆ.